ಚೆರ್ರಿಯ ನಾಡಿನಿಂದ ಬಂದ ತೋಟಗಾರ

ಮಕ್ಕಳೇ, ನಿಮ್ಮ ಶಾಲೆಯ ಅಂಗಳದಲ್ಲಿ ಅಥವಾ ನಿಮ್ಮ ಓಣಿಯ ತುದಿಯಲ್ಲಿ ಗಸಗಸೆ ಹಣ್ಣಿನ ಗಿಡ ಇದೆಯೇ? ಇದ್ದರೆ ಅದರ ಕೆಳಗೆ ಒಮ್ಮೆಯಾದರೂ ನಿಂತಿರುತ್ತೀರಿ. ಗುಂಡಗೆ, ಕೆಂಪಗೆ, ಗೋಲಿಗಿಂತ ಚಿಕ್ಕದಾದ ಹಣ್ಣು. ಬಾಯಿಗೆ ಹಾಕಿಕೊಂಡು ಒತ್ತಿದರೆ ಸಿಹಿ ರಸ. ಒಳಗೆ ಗಸಗಸೆ ಕಾಳಿನಂಥ ಸಣ್ಣ ಸಣ್ಣ ಬೀಜಗಳು. ಕೆಲವರು ಇದನ್ನು ಸಿಂಗಾಪುರ ಚೆರ್ರಿ ಎನ್ನುತ್ತಾರೆ. ಆದರೆ ಇದು ಸಿಂಗಾಪುರದ್ದೂ ಅಲ್ಲ, ಚೆರ್ರಿಯೂ ಅಲ್ಲ. ಇದರ ತವರು ಅಮೆರಿಕ ಖಂಡದ ಬಿಸಿ ನಾಡುಗಳು.

ಇನ್ನೊಂದು ಚೆರ್ರಿ ಬೇಕರಿಯಲ್ಲಿ ಸಿಗುತ್ತದೆ. ಹುಟ್ಟುಹಬ್ಬದ ಕೇಕಿನ ಮೇಲೆ ಕೆಂಪಗೆ ಹೊಳೆಯುತ್ತ ಕುಳಿತಿರುತ್ತದೆ. ನಮ್ಮ ದೇಶದ ಬೇಕರಿಗಳಲ್ಲಿ ಹೀಗೆ ಸಿಗುವುದು ಬಹುಮಟ್ಟಿಗೆ ಕವಳಿ ಕಾಯಿ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಅದ್ದಿ, ಕೆಂಪು ಬಣ್ಣ ಸೇರಿಸಿದ ಕವಳಿ ಕಾಯಿ! ಗುಡ್ಡದ ಮುಳ್ಳುಪೊದೆಯಲ್ಲಿ ಬೆಳೆಯುವ ಅದೇ ಹುಳಿ ಕವಳಿ ಅಲ್ಲಿ ಚೆರ್ರಿಯ ವೇಷ ಹಾಕಿಕೊಂಡು ಕುಳಿತಿರುತ್ತದೆ.

ಹಾಗಾದರೆ ನಿಜವಾದ ಚೆರ್ರಿ ಎಲ್ಲಿದೆ? ಅದನ್ನೇ ತಂದು ಸವದತ್ತಿಯಲ್ಲಿ ನೆಟ್ಟರೆ ಆಗದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಒಬ್ಬ ತೋಟಗಾರರ ಜೀವನವನ್ನು ತಿಳಿಯೋಣ. ಚೆರ್ರಿ ಸುಲಭವಾಗಿ ಬೆಳೆಯುವ ನಾಡಿನಲ್ಲಿ ಅವರು ಹುಟ್ಟಿದರು. ಚೆರ್ರಿ ಹಣ್ಣು ಬಿಡದ ನಾಡಿನಲ್ಲಿ ಬಾಳಿದರು. ಅವರ ಹೆಸರು ಗುಸ್ತಾವ್ ಹರ್ಮನ್ ಕ್ರುಂಬಿಗಲ್.

ಚಳಿನಾಡಿನ ಹುಡುಗ

ಕ್ರುಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು. ಊರು ಲೋಮೆನ್. ಇದು ಜರ್ಮನಿಯ ಡ್ರೆಸ್ಡೆನ್ ನಗರದ ಹತ್ತಿರ ಇದೆ. ಭೂಪಟ ತೆಗೆದು ನೋಡಿ. ಡ್ರೆಸ್ಡೆನ್ ಸುಮಾರು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಮ್ಮ ಸವದತ್ತಿ ಸುಮಾರು 16 ಡಿಗ್ರಿಯಲ್ಲಿದೆ. ಸಮಭಾಜಕ ವೃತ್ತದಿಂದ ದೂರ ಹೋದಂತೆ ಸೂರ್ಯನ ಕಿರಣಗಳು ಹೆಚ್ಚು ಓರೆಯಾಗಿ ಬೀಳುತ್ತವೆ. ಆದ್ದರಿಂದ ಆ ನಾಡಿನಲ್ಲಿ ಚಳಿಗಾಲ ಬಲು ಕಠಿಣ. ಹಿಮ ಬೀಳುತ್ತದೆ. ಮರಗಳು ಎಲೆ ಉದುರಿಸಿ ತಿಂಗಳುಗಟ್ಟಲೆ ಬೋಳಾಗಿ ನಿಲ್ಲುತ್ತವೆ.

ಚಳಿ ಕಳೆದು ವಸಂತ ಬಂದಾಗ ಸೇಬು, ಪೇರು, ಚೆರ್ರಿ ಮರಗಳು ಹೂ ಬಿಡುತ್ತವೆ. ಚೆರ್ರಿಯಂತೂ ಎಲೆ ಪೂರ್ತಿ ಬಿಚ್ಚುವ ಮೊದಲೇ ಮೈತುಂಬ ಹೂ ಹೊತ್ತು ನಿಲ್ಲುತ್ತದೆ. ಇಂಥ ನಾಡಿನಲ್ಲಿ ಬೆಳೆದ ಹುಡುಗ ತೋಟಗಾರಿಕೆಯನ್ನೇ ಕಲಿಯಲು ಹೊರಟ. ಡ್ರೆಸ್ಡೆನ್ ಹತ್ತಿರದ ಪಿಲ್ನಿಟ್ಸ್ ಎಂಬಲ್ಲಿ ತರಬೇತಿ ಪಡೆದ. ಜರ್ಮನಿಯ ಬೇರೆ ಊರುಗಳ ತೋಟಗಳಲ್ಲಿ ದುಡಿದ.

1888ರಲ್ಲಿ ಕ್ರುಂಬಿಗಲ್ ಇಂಗ್ಲೆಂಡಿಗೆ ಹೋದರು. ಆಗ ಅವರಿಗೆ 22 ವರ್ಷ. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ರೂಪಿಸಿದರು. ಆಮೇಲೆ ಕ್ಯೂ ಎಂಬ ಪ್ರಸಿದ್ಧ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿದರು. ಪ್ರಪಂಚದ ನಾನಾ ದೇಶಗಳ ಗಿಡಗಳು ಕ್ಯೂ ಉದ್ಯಾನಕ್ಕೆ ಬರುತ್ತಿದ್ದವು. ಬಿಸಿ ನಾಡಿನ ಗಿಡಗಳನ್ನು ಅಲ್ಲಿ ಗಾಜಿನ ಮನೆಯೊಳಗೆ ಬೆಚ್ಚಗೆ ಇಟ್ಟು ಸಾಕುತ್ತಿದ್ದರು. ಹೊರಗೆ ನೆಟ್ಟರೆ ಅವು ಹಿಮಕ್ಕೆ ಸತ್ತುಹೋಗುತ್ತಿದ್ದವು. ಗಿಡಕ್ಕೂ ಹವಾಮಾನಕ್ಕೂ ಇರುವ ನಂಟು ಅಂಥ ಜಾಗದಲ್ಲಿ ಕೆಲಸ ಮಾಡುವವರ ಕಣ್ಣಿಗೆ ದಿನವೂ ಕಾಣುತ್ತಿತ್ತು.

ಚೆರ್ರಿ ಇಲ್ಲಿ ಏಕೆ ಹಣ್ಣು ಬಿಡದು?

ಬಿಸಿ ನಾಡಿನ ಗಿಡ ಚಳಿಗೆ ಸಾಯುತ್ತದೆ. ಇದು ನಮಗೆ ಬೇಗ ಅರ್ಥವಾಗುತ್ತದೆ. ಆದರೆ ಚಳಿನಾಡಿನ ಚೆರ್ರಿಗೆ ಬೆಚ್ಚನೆಯ ಹವೆ ಸಿಕ್ಕರೆ ಒಳ್ಳೆಯದೇ ಅಲ್ಲವೇ? ಅಲ್ಲ. ಇಲ್ಲೊಂದು ಗುಟ್ಟು ಇದೆ.

ಚೆರ್ರಿ ಮರ ಮುಂದಿನ ವರ್ಷದ ಹೂಮೊಗ್ಗುಗಳನ್ನು ಬೇಸಿಗೆಯಲ್ಲೇ ಸಿದ್ಧಮಾಡಿ ಇಟ್ಟುಕೊಳ್ಳುತ್ತದೆ. ಚಳಿಗಾಲ ಬಂದಾಗ ಆ ಮೊಗ್ಗುಗಳು ನಿದ್ದೆಗೆ ಜಾರುತ್ತವೆ. ನಡುವೆ ಒಂದೆರಡು ದಿನ ಬಿಸಿಲು ಬಿತ್ತೆಂದು ಎಚ್ಚರವಾಗಿ ಅರಳಿದರೆ ಮರುದಿನದ ಹಿಮಕ್ಕೆ ಹೂವೆಲ್ಲ ಸುಟ್ಟುಹೋಗುತ್ತದೆ. ಆದ್ದರಿಂದ ಚಳಿ ಸಾಕಷ್ಟು ಕಳೆಯುವವರೆಗೆ ಮೊಗ್ಗು ಏಳುವುದಿಲ್ಲ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿಯಲ್ಲಿ ಕಳೆದ ಗಂಟೆಗಳನ್ನು ತೋಟಗಾರರು ಲೆಕ್ಕ ಹಾಕುತ್ತಾರೆ. ಬಹಳಷ್ಟು ಸಿಹಿ ಚೆರ್ರಿ ತಳಿಗಳಿಗೆ ಇಂಥ ಚಳಿ 700ರಿಂದ 1000 ಗಂಟೆಗಳಷ್ಟು, ಕೆಲವಕ್ಕೆ ಅದಕ್ಕೂ ಹೆಚ್ಚು ಬೇಕು.

1000 ಗಂಟೆ ಎಂದರೆ ಎಷ್ಟು ದಿನ? 24ರಿಂದ ಭಾಗಿಸಿ ನೋಡಿ. ಹತ್ತಿರ ಹತ್ತಿರ 42 ದಿನ! ಅಂದರೆ ಹಗಲೂ ರಾತ್ರಿ ಸೇರಿ ಒಂದೂವರೆ ತಿಂಗಳಿಗೆ ಸ್ವಲ್ಪ ಕಡಿಮೆ. ಈಗ ಬೆಂಗಳೂರಿನ ಲೆಕ್ಕ ನೋಡೋಣ. ಅಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ. ಅದೂ ಬಂದದ್ದು 1884ರ ಜನವರಿಯಲ್ಲಿ. ಹಾಗಾದರೆ ಚೆರ್ರಿಯ ಲೆಕ್ಕದ ಪುಸ್ತಕದಲ್ಲಿ ಬೆಂಗಳೂರಿನ ಖಾತೆ ಸೊನ್ನೆ. ಸವದತ್ತಿಯಲ್ಲೂ ರಾತ್ರಿ ಅಷ್ಟು ತಣ್ಣಗಾಗುವುದು ಬಹಳ ಅಪರೂಪ.

ಚಳಿ ಸಾಲದಿದ್ದರೆ ಚೆರ್ರಿ ಗಿಡ ಕೂಡಲೇ ಸಾಯಬೇಕೆಂದಿಲ್ಲ. ಎಲೆ ಬಿಡಬಹುದು. ಆದರೆ ಮೊಗ್ಗುಗಳು ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಬಿಚ್ಚುತ್ತವೆ. ಕೆಲವು ಒಣಗಿ ಉದುರುತ್ತವೆ. ಹಣ್ಣು ಕೈಗೆ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಚೆರ್ರಿ ಬೆಳೆಯುವುದು ಕಾಶ್ಮೀರ, ಹಿಮಾಚಲ ಪ್ರದೇಶ, ಉತ್ತರಾಖಂಡದಂಥ ಗುಡ್ಡಗಾಡಿನ ಚಳಿಯಲ್ಲಿ. ಕಡಿಮೆ ಚಳಿ ಸಾಕಾಗುವ ಕೆಲವು ಹೊಸ ತಳಿಗಳೂ ಈಗ ಬಂದಿವೆ. ಅವಕ್ಕೂ ಕೂಡ ನೂರಾರು ಗಂಟೆಗಳ ಚಳಿ ಬೇಕೇ ಬೇಕು. ಜಾತ್ರೆಯಲ್ಲೋ ರಸ್ತೆ ಬದಿಯಲ್ಲೋ ಕೆಂಪು ಹಣ್ಣಿನ ಚಿತ್ರ ತೋರಿಸಿ ಯಾರಾದರೂ ಚೆರ್ರಿ ಸಸಿ ಮಾರಿದರೆ ಕೊಳ್ಳುವ ಮೊದಲು ಈ ಲೆಕ್ಕವನ್ನು ನೆನಪಿಸಿಕೊಳ್ಳಿ.

ಬರೋಡದಿಂದ ಬೆಂಗಳೂರಿಗೆ

ಮತ್ತೆ ಕ್ರುಂಬಿಗಲ್ ಅವರ ಕಥೆಗೆ ಬರೋಣ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರಿಗೆ ತಮ್ಮ ಸಂಸ್ಥಾನದ ಉದ್ಯಾನಗಳನ್ನು ನೋಡಿಕೊಳ್ಳಲು ಒಬ್ಬ ತಜ್ಞರು ಬೇಕಾಗಿದ್ದರು. 1893ರಲ್ಲಿ ಕ್ರುಂಬಿಗಲ್ ಆ ಕೆಲಸಕ್ಕಾಗಿ ಭಾರತಕ್ಕೆ ಬಂದರು. ಆಗ ಅವರ ವಯಸ್ಸು 27. ಹಿಮ ಬೀಳುವ ನಾಡಿನಿಂದ ಗುಜರಾತಿನ ಬಿಸಿಲಿಗೆ! ಅವರು ಕಲಿತ ಗಿಡಗಳ ಪಟ್ಟಿಯಲ್ಲಿ ಎಷ್ಟೋ ಗಿಡಗಳು ಇಲ್ಲಿ ಕೆಲಸಕ್ಕೆ ಬಾರದವು. ಹೊಸ ನೆಲ, ಹೊಸ ಮಳೆ, ಹೊಸ ಮರಗಳನ್ನು ಅವರು ಮೊದಲಿನಿಂದ ಕಲಿಯಬೇಕಾಯಿತು.

ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು ಅವರ ಕೆಲಸವನ್ನು ಮೆಚ್ಚಿ ತಮ್ಮ ಸಂಸ್ಥಾನಕ್ಕೆ ಕರೆಸಿಕೊಂಡರು. 1908ರಲ್ಲಿ ಕ್ರುಂಬಿಗಲ್ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತರು. ಅವರಿಗಿಂತ ಮೊದಲು ಜಾನ್ ಕ್ಯಾಮರಾನ್ ಎಂಬುವರು 1874ರಿಂದ ಆ ತೋಟವನ್ನು ಬೆಳೆಸಿದ್ದರು. ಲಾಲ್‌ಬಾಗಿನ ಗಾಜಿನ ಮನೆ ಕಟ್ಟಿದ್ದು ಕ್ಯಾಮರಾನ್ ಅವರ ಕಾಲದಲ್ಲೇ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹೀಗಾಗಿ ಅಲ್ಲಿ ಬಯಲುಸೀಮೆಯ ಸೆಕೆ ಇಲ್ಲ. ಹಿತವಾದ ತಂಪು ಇದೆ. ಚಳಿನಾಡಿನಿಂದ ಬಂದವರಿಗೆ ಈ ತಂಪು ತಮ್ಮ ಊರನ್ನು ನೆನಪಿಸುತ್ತಿತ್ತು. ಆ ಕಾಲದಲ್ಲಿ ಬೆಂಗಳೂರಿನ ಸುತ್ತ ಸೇಬಿನ ತೋಟಗಳೂ ಇದ್ದವು. ಕೆಲವು ಸೇಬಿನ ತಳಿಗಳು ಕಡಿಮೆ ಚಳಿಯಲ್ಲೂ ಹೇಗೋ ಹಣ್ಣು ಕೊಡುತ್ತವೆ. ಆದರೆ ಹಿತವಾದ ತಂಪು ಬೇರೆ, ಮರದ ನಿದ್ದೆಗೆ ಬೇಕಾದ ಕೊರೆಯುವ ಚಳಿ ಬೇರೆ. ಮನುಷ್ಯನಿಗೆ ಹಿತವಾದದ್ದು ಮರಕ್ಕೂ ಸಾಕು ಎಂದು ತಿಳಿದರೆ ತೋಟಗಾರ ಸೋಲುತ್ತಾನೆ.

ಬೀಜಗಳ ಅಂಚೆ

ಕ್ರುಂಬಿಗಲ್ ಹಿಡಿದ ದಾರಿ ಬೇರೆ. ಬೆಂಗಳೂರಿನಂಥ ಹವೆ ಜಗತ್ತಿನಲ್ಲಿ ಇನ್ನೆಲ್ಲಿ ಇದೆ, ಅಲ್ಲಿ ಯಾವ ಗಿಡಗಳು ಬೆಳೆಯುತ್ತವೆ ಎಂದು ಹುಡುಕುವ ದಾರಿ ಅದು. ದಕ್ಷಿಣ ಅಮೆರಿಕ, ಮಧ್ಯ ಅಮೆರಿಕ, ಆಫ್ರಿಕ, ಆಸ್ಟ್ರೇಲಿಯಗಳಲ್ಲಿ ಬಿಸಿಲು, ಮಳೆ, ಒಣಹವೆ ಸರದಿಯಾಗಿ ಬರುವ ನಾಡುಗಳಿವೆ. ಅಲ್ಲಿನ ಮರಗಳಿಗೆ ಹಿಮ ಬೇಕಿಲ್ಲ. ಹೂ ಬಿಡಲು ಅವಕ್ಕೆ ಬೇರೆ ಸೂಚನೆಗಳು ಸಾಕು. ಕೆಲವಕ್ಕೆ ಒಣಹವೆ, ಕೆಲವಕ್ಕೆ ಮೊದಲ ಮಳೆ, ಇನ್ನು ಕೆಲವಕ್ಕೆ ಹಗಲಿನ ಉದ್ದದ ಬದಲಾವಣೆ.

ಆದರೆ ಅಷ್ಟು ದೂರದ ಗಿಡಗಳು ಬರುವುದು ಹೇಗೆ? ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಸಸ್ಯೋದ್ಯಾನಗಳು ಒಂದಕ್ಕೊಂದು ಬೀಜಗಳನ್ನು ಕಳಿಸುತ್ತಿದ್ದವು. ನಿಮ್ಮ ಬೀಜ ನಮಗೆ, ನಮ್ಮ ಬೀಜ ನಿಮಗೆ ಎಂಬ ವಿನಿಮಯ. ಬೀಜದಿಂದ ಬಾರದ ಗಿಡಗಳನ್ನು ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದರು. ಗಿಡ ಬಿಟ್ಟ ನೀರಾವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೆ ಬೀಳುತ್ತಿತ್ತು. ಹೀಗಾಗಿ ನೀರು ಹಾಕುವವರು ಇಲ್ಲದಿದ್ದರೂ ಗಿಡ ಬದುಕುತ್ತಿತ್ತು. ಈ ಪೆಟ್ಟಿಗೆಯನ್ನು 19ನೆಯ ಶತಮಾನದಲ್ಲಿ ಕಂಡುಹಿಡಿದವರು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್.

ಕ್ರುಂಬಿಗಲ್ ಲಾಲ್‌ಬಾಗಿನ ಮೂಲಕ ಇಂಥ ವಿನಿಮಯವನ್ನು ಬಹಳ ಹೆಚ್ಚಿಸಿದರು. ಹೂಮರಗಳು ಮಾತ್ರವಲ್ಲ, ರೈತರಿಗೆ ಉಪಯೋಗವಾಗುವ ಗಿಡಗಳನ್ನೂ ತರಿಸಿದರು. ರಷ್ಯದ ಸೂರ್ಯಕಾಂತಿ, ಅಮೆರಿಕದ ಗೋವಿನಜೋಳ, ಸೋಯಾ, ದನಗಳಿಗೆ ಮೇವಾಗುವ ರೋಡ್ಸ್ ಹುಲ್ಲು, ಪೇರಲದ ದೂರದ ಬಂಧುವಾದ ಫೀಜೋವಾ ಹಣ್ಣು ಇವೆಲ್ಲ ಆ ಪಟ್ಟಿಯಲ್ಲಿವೆ. ಇಂದು ಬೈಲಹೊಂಗಲ, ಸವದತ್ತಿಯ ಹೊಲಗಳಲ್ಲಿ ನೀವು ನೋಡುವ ಸೋಯಾ ಮತ್ತು ಗೋವಿನಜೋಳ ಬಹಳ ಕಾಲದ ನಂತರ ಬೇರೆ ದಾರಿಯಿಂದ ಹರಡಿದವು. ಆದರೂ ಹೊಸ ಬೆಳೆಯನ್ನು ಮೊದಲು ಸಣ್ಣ ಮಡಿಯಲ್ಲಿ ಬೆಳೆದು ನೋಡಬೇಕು, ಒಗ್ಗಿದರೆ ಮಾತ್ರ ರೈತರಿಗೆ ಕೊಡಬೇಕು ಎಂಬ ಕ್ರಮ ಎಲ್ಲ ಕಾಲಕ್ಕೂ ಒಂದೇ.

1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಆರಂಭವಾಯಿತು. ಅದರ ಹಿಂದೆಯೂ ಕ್ರುಂಬಿಗಲ್ ಇದ್ದರು. ಲಾಲ್‌ಬಾಗಿನಲ್ಲಿ ಕೆಲಸ ಮಾಡುವವರಿಗೆ ಕ್ರಮವಾದ ತೋಟಗಾರಿಕೆ ಶಿಕ್ಷಣ ಸಿಗುವಂತೆಯೂ ಅವರು ನೋಡಿಕೊಂಡರು.

ಹೂವಿನ ಸರದಿ

ಕ್ರುಂಬಿಗಲ್ ಅವರ ಹೆಸರು ಇಂದಿಗೂ ಉಳಿದಿರುವುದು ಮುಖ್ಯವಾಗಿ ಒಂದು ಉಪಾಯದಿಂದ. ಒಂದೇ ಜಾತಿಯ ಮರಗಳನ್ನು ಊರ ತುಂಬ ನೆಟ್ಟರೆ ಏನಾಗುತ್ತದೆ? ಒಂದು ತಿಂಗಳು ಊರೆಲ್ಲ ಹೂ. ಉಳಿದ ಹನ್ನೊಂದು ತಿಂಗಳು ಬರಿ ಎಲೆ. ಇದಕ್ಕೆ ಬದಲಾಗಿ ಬೇರೆ ಬೇರೆ ತಿಂಗಳಲ್ಲಿ ಹೂ ಬಿಡುವ ಮರಗಳನ್ನು ಆರಿಸಿದರೆ? ಒಂದು ರಸ್ತೆಯ ಮರಗಳು ಹೂ ಮುಗಿಸುವಾಗ ಇನ್ನೊಂದು ರಸ್ತೆಯ ಮರಗಳು ಶುರುಮಾಡುತ್ತವೆ. ವರ್ಷವಿಡೀ ಊರಿನ ಎಲ್ಲಾದರೂ ಒಂದು ಕಡೆ ಹೂ ಇದ್ದೇ ಇರುತ್ತದೆ. ದುಂಬಿ, ಜೇನುನೊಣಗಳಿಗೂ ಆಹಾರ ತಪ್ಪುವುದಿಲ್ಲ.

ಇದಕ್ಕೆ ಗಿಡ ನೆಡುವ ಕೈ ಮಾತ್ರ ಸಾಲದು. ಪ್ರತಿ ಮರವನ್ನು ವರ್ಷಗಟ್ಟಲೆ ಗಮನಿಸಬೇಕು. ಎಲೆ ಯಾವಾಗ ಉದುರಿತು, ಮೊಗ್ಗು ಯಾವಾಗ ಬಂತು, ಹೂ ಎಷ್ಟು ದಿನ ನಿಂತಿತು ಎಂದು ಬರೆದಿಡಬೇಕು. ಇದೂ ಒಂದು ವಿಜ್ಞಾನವೇ.

ಬೆಂಗಳೂರಿನ ಹೂವಿನ ಸರದಿ ಇಂದೂ ಕಾಣುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ಬಣ್ಣದ ತಬೆಬುಯಾ. ಮಾರ್ಚ್ ಹೊತ್ತಿಗೆ ನೀಲಿ ನೇರಳೆ ಬಣ್ಣದ ಜಕರಂದ. ಏಪ್ರಿಲ್, ಮೇ ತಿಂಗಳಲ್ಲಿ ಕೆಂಪು ಗುಲ್‌ಮೊಹರ್ ಮತ್ತು ನಮ್ಮದೇ ಆದ ಹಳದಿ ಕಕ್ಕೆ. ಈ ಎಲ್ಲ ಮರಗಳನ್ನೂ ಕ್ರುಂಬಿಗಲ್ ಒಬ್ಬರೇ ತಂದು ನೆಟ್ಟರೆಂದು ತಿಳಿಯಬೇಡಿ. ಅವರಿಗಿಂತ ಮೊದಲಿನವರೂ ನಂತರದವರೂ ಇದರಲ್ಲಿ ಪಾಲುಗಾರರು. ಸರದಿಯ ಲೆಕ್ಕ ಹಾಕಿ ನೆಡುವ ಪದ್ಧತಿಯನ್ನು ಬಲವಾಗಿ ಬೇರೂರಿಸಿದವರು ಅವರು.

ಗುಲಾಬಿ ತಬೆಬುಯಾ ಅಮೆರಿಕ ಖಂಡದ ಬಿಸಿ ನಾಡುಗಳ ಮರ. ಒಣಹವೆ ಬಂದಾಗ ಎಲೆ ಉದುರಿಸುತ್ತದೆ. ಬರಿ ಕೊಂಬೆಗಳ ತುಂಬ ಗುಲಾಬಿ ಹೂ ಬಿಡುತ್ತದೆ. ನೋಡಿದವರು ಇದನ್ನು ಬೆಂಗಳೂರಿನ ಚೆರ್ರಿ ಹೂ ಎಂದೇ ಕರೆಯುತ್ತಾರೆ. ಚೆರ್ರಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಚೆರ್ರಿ ಗುಲಾಬಿ ಕುಟುಂಬದ್ದು. ತಬೆಬುಯಾ ನಮ್ಮ ಆಕಾಶಮಲ್ಲಿಗೆಯ ಕುಟುಂಬದ್ದು. ಚೆರ್ರಿ ಚಳಿ ಎಣಿಸುತ್ತದೆ, ತಬೆಬುಯಾ ಒಣದಿನಗಳಿಗೆ ಕಾಯುತ್ತದೆ. ಇಷ್ಟಾದರೂ ಬೋಳು ಕೊಂಬೆಯ ಮೇಲೆ ಹೂವಿನ ರಾಶಿ ಎಂಬ ಚೆಲುವು ಎರಡರಲ್ಲೂ ಒಂದೇ. ಚೆರ್ರಿಯನ್ನು ಬಲವಂತವಾಗಿ ಬೆಳೆಸದೆ ಚೆರ್ರಿಯ ಚೆಲುವನ್ನು ಪಡೆಯುವ ದಾರಿ ಇದು.

ಕಷ್ಟದ ದಿನಗಳು

ಕ್ರುಂಬಿಗಲ್ ಅವರ ಬದುಕು ಹೂವಿನ ಹಾಸಿಗೆ ಆಗಿರಲಿಲ್ಲ. ಆಗ ಭಾರತ ಬ್ರಿಟಿಷರ ಕೈಯಲ್ಲಿತ್ತು. ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಜರ್ಮನಿ ಎದುರಾಳಿಗಳಾದವು. ಗಿಡಗಳ ನಡುವೆ ಬದುಕಿದ್ದ ಈ ತೋಟಗಾರರೂ ಜರ್ಮನ್ ಎಂಬ ಒಂದೇ ಕಾರಣಕ್ಕೆ ಬಂಧನದಲ್ಲಿ ಇರಬೇಕಾಯಿತು. ತಾವು ನೆಟ್ಟ ಮರಗಳನ್ನು ನೋಡಲೂ ಆಗದ ದಿನಗಳವು. ಬಿಡುಗಡೆಯಾದ ಮೇಲೆ ಅವರು ಮತ್ತೆ ಬಂದದ್ದು ಬೆಂಗಳೂರಿಗೇ.

1932ರಲ್ಲಿ ಅವರು ನಿವೃತ್ತರಾದರು. ಅವರ ಕೈಕೆಳಗೆ ಪಳಗಿದ ಎಚ್.ಸಿ. ಜವರಾಯರು ಲಾಲ್‌ಬಾಗಿನ ಹೊಣೆ ಹೊತ್ತರು. ನಿವೃತ್ತಿಯ ನಂತರವೂ ಕ್ರುಂಬಿಗಲ್ ಉದ್ಯಾನಗಳನ್ನು ರೂಪಿಸಲು ಸಲಹೆ ಕೊಡುತ್ತಲೇ ಇದ್ದರು. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ರಚನೆಯಲ್ಲೂ ಅವರ ಪಾಲಿದೆ. 1956ರ ಫೆಬ್ರವರಿ 8ರಂದು ತಮ್ಮ 90ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ಅವರು ತೀರಿಕೊಂಡರು. ಅವರ ಸಮಾಧಿ ಅಲ್ಲಿಯೇ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ. ಲಾಲ್‌ಬಾಗಿನ ಪಕ್ಕದ ಒಂದು ರಸ್ತೆಗೆ ಅವರ ಹೆಸರು ಇಟ್ಟಿದ್ದಾರೆ. ಅದೇ ವರ್ಷ ನವೆಂಬರ್ 1ರಂದು ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಿಂದ ಬಂದು ಕನ್ನಡ ನಾಡಿನಲ್ಲಿ ಸೇರಿತು.

ಎಚ್ಚರಿಕೆಯೂ ಬೇಕು

ಹೊರಗಿನ ಗಿಡ ತರುವುದೆಲ್ಲ ಒಳ್ಳೆಯದೇ? ಇಲ್ಲ. ಶೇಂಗಾ, ಮೆಣಸಿನಕಾಯಿ, ಪೇರಲ, ಸೀತಾಫಲ ಇವೆಲ್ಲ ಅಮೆರಿಕದಿಂದ ಬಂದು ನಮ್ಮ ಊಟ ತಿಂಡಿಗಳ ಭಾಗವಾಗಿವೆ. ಆದರೆ ಬಳ್ಳಾರಿ ಜಾಲಿಯೂ ಅಲ್ಲಿಂದಲೇ ಬಂದದ್ದು. ಒಣನೆಲದಲ್ಲಿ ಉರುವಲಿಗೆ ಆದೀತೆಂದು ತಂದ ಆ ಗಿಡ ಈಗ ಹಳ್ಳದ ದಂಡೆ, ಬೀಳುಭೂಮಿಗಳನ್ನೆಲ್ಲ ಹಿಡಿದು ಬೇರೆ ಗಿಡಗಳನ್ನು ಏಳಗೊಡುವುದಿಲ್ಲ. ಅಂಗಳದ ಚೆಂದಕ್ಕೆ ತಂದ ಲಂಟಾನ ಕಾಡುಗಳನ್ನೇ ನುಂಗಿದೆ. ಆದ್ದರಿಂದ ಈಗ ಹೊರದೇಶದ ಬೀಜ, ಸಸಿಗಳನ್ನು ಪರೀಕ್ಷೆ ಇಲ್ಲದೆ ತರುವಂತಿಲ್ಲ. ಹೊಸ ಗಿಡದೊಡನೆ ಹೊಸ ರೋಗ, ಹೊಸ ಕೀಟಗಳೂ ಬರಬಹುದಲ್ಲವೇ?

ಗಿಡ ಆರಿಸುವಾಗ ಎರಡು ಪ್ರಶ್ನೆ ಕೇಳಬೇಕು. ನಮ್ಮ ಹವೆ ಈ ಗಿಡಕ್ಕೆ ಒಗ್ಗುತ್ತದೆಯೇ? ಈ ಗಿಡ ನಮ್ಮ ಪರಿಸರಕ್ಕೆ ಒಗ್ಗುತ್ತದೆಯೇ? ಚೆರ್ರಿ ಮೊದಲನೆಯ ಪ್ರಶ್ನೆಯಲ್ಲೇ ಸೋಲುತ್ತದೆ. ಬಳ್ಳಾರಿ ಜಾಲಿ ಎರಡನೆಯದರಲ್ಲಿ ಸೋಲುತ್ತದೆ. ಕವಳಿ ಎರಡರಲ್ಲೂ ಗೆಲ್ಲುತ್ತದೆ. ಅದು ನಮ್ಮ ನಾಡಿನದೇ ಗಿಡ. ಕಡಿಮೆ ನೀರು ಸಾಕು. ಮುಳ್ಳಿರುವುದರಿಂದ ತೋಟಕ್ಕೆ ಬೇಲಿಯೂ ಆಗುತ್ತದೆ. ಕಾಯಿ ಉಪ್ಪಿನಕಾಯಿಗೆ, ಹಣ್ಣು ತಿನ್ನಲಿಕ್ಕೆ. ಬೇಕರಿಯವರು ಚೆರ್ರಿ ಎಂದು ಮಾರುವುದೂ ಇದನ್ನೇ!

ನೀವೂ ಮಾಡಿ ನೋಡಿ: ಶಾಲೆಯ ಹೂವಿನ ಪಂಚಾಂಗ

ಬೇಕಾಗುವ ವಸ್ತುಗಳು: ಒಂದು ದೊಡ್ಡ ಹಾಳೆ, ಅಳತೆಪಟ್ಟಿ, ಬಣ್ಣದ ಪೆನ್ಸಿಲ್‌ಗಳು.

1. ಹಾಳೆಯ ಮೇಲ್ಭಾಗದಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ 12 ಮನೆಗಳನ್ನು ಎಳೆಯಿರಿ.

2. ಎಡಬದಿಯಲ್ಲಿ ಶಾಲೆಯ ಅಂಗಳ ಮತ್ತು ಸುತ್ತಲಿನ ಹತ್ತು ಮರಗಳ ಹೆಸರು ಬರೆಯಿರಿ. ಬೇವು, ಹೊಂಗೆ, ಮುತ್ತಲ, ಕಕ್ಕೆ, ನೇರಳೆ, ಗುಲ್‌ಮೊಹರ್, ಗಸಗಸೆ ಹೀಗೆ. ಹೆಸರು ತಿಳಿಯದಿದ್ದರೆ ಮನೆಯ ಹಿರಿಯರನ್ನು ಕೇಳಿ.

3. ವಾರಕ್ಕೊಮ್ಮೆ ಮರಗಳನ್ನು ನೋಡಿ. ಎಲೆ ಉದುರಿದರೆ ಕಂದು, ಹೂ ಇದ್ದರೆ ಕೆಂಪು, ಕಾಯಿ ಅಥವಾ ಹಣ್ಣು ಇದ್ದರೆ ಹಸಿರು ಬಣ್ಣವನ್ನು ಆ ತಿಂಗಳ ಮನೆಯಲ್ಲಿ ತುಂಬಿ.

4. ವರ್ಷದ ಕೊನೆಗೆ ಹಾಳೆಯನ್ನು ನೋಡಿ. ಯಾವ ತಿಂಗಳಲ್ಲಿ ಒಂದು ಹೂವೂ ಇಲ್ಲ? ಆ ತಿಂಗಳಲ್ಲಿ ಹೂ ಬಿಡುವ, ನಿಮ್ಮ ಊರಿನ ಹವೆಗೆ ಒಗ್ಗಿದ ಮರ ಯಾವುದು? ಗುರುಗಳ ಜೊತೆ ಚರ್ಚಿಸಿ ಮುಂದಿನ ಮಳೆಗಾಲದಲ್ಲಿ ಅದನ್ನೇ ನೆಡಿ.

ಗಸಗಸೆ ಗಿಡದ ಸಾಲಿನಲ್ಲಿ ಎಷ್ಟು ಮನೆಗಳು ತುಂಬಿದವು ಎಂದು ಮರೆಯದೆ ಎಣಿಸಿ. ಮುತ್ತಲದ ಸಾಲಿಗೂ ಅದಕ್ಕೂ ಇರುವ ವ್ಯತ್ಯಾಸ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಕ್ರುಂಬಿಗಲ್ ಒಂದು ನಗರಕ್ಕಾಗಿ ಮಾಡಿದ ಕೆಲಸವನ್ನು ನೀವು ನಿಮ್ಮ ಶಾಲೆಗಾಗಿ ಮಾಡಿದಂತಾಗುತ್ತದೆ.